ಎರಡನೆಯ ಕರೆಯ ಲೆಕ್ಕ

"ಇನ್ನೊಂದ್ ಸಲ ನೀನು ಫೋನ್ ಮಾಡಿದ್ರೆ ಅರ್ಧ ಗಂಟೆ ಒಳಗೆ ಗಾಡಿ ನಿನ್ ಬಾಗ್ಲಲ್ಲಿ ಇರ್ತದೆ ಕಣಕ್ಕ."

ಹದಿಮೂರು ವರ್ಷಗಳ ಹಿಂದೆ ಕರಿಕಲ್ಲುಪಾಳ್ಯದಲ್ಲಿ, ಕೊಲ್ಲಾಪುರಮ್ಮ ಎಂಬುವರ ಸುಟ್ಟ ಕೊಟ್ಟಿಗೆಯ ಮುಂದೆ ನಿಂತು ಅಗ್ನಿಶಾಮಕ ಗಾಡಿಯ ಚಾಲಕ ಶಂಕರಲಿಂಗಪ್ಪ ಕೊಟ್ಟ ಮಾತು ಇದು. ಅಂದು ಕೊಟ್ಟಿಗೆಯೊಳಗೆ ಎರಡು ಹಸುಗಳು ಸತ್ತಿದ್ದವು. ಗಾಡಿ ಬಂದದ್ದು ಎರಡು ಗಂಟೆ ತಡವಾಗಿ. ಠಾಣೆಗಿರುವುದು ಒಂದೇ ಗಾಡಿ. ಆ ಹೊತ್ತಿನಲ್ಲಿ ಅದು ತಾಲ್ಲೂಕಿನ ಇನ್ನೊಂದು ತುದಿಯಲ್ಲಿ ಇನ್ನೊಂದು ಬೆಂಕಿ ಆರಿಸುತ್ತಿತ್ತು. ಮಾತು ಕೊಟ್ಟವರು ಅಷ್ಟಕ್ಕೇ ನಿಲ್ಲದೆ ಮನೆಯ ಗೋಡೆಯ ಮೇಲೆ ಠಾಣೆಯ ನಂಬರನ್ನೂ ಕೆಂಪು ಬಣ್ಣದಲ್ಲಿ ತಾವೇ ಬರೆದು ಬಂದರು.

ಈಗ ಬೆಳಗಿನ ಐದೂಮುಕ್ಕಾಲು. ನಮ್ಮ ಮನೆಗಳಲ್ಲಿ ಮಕ್ಕಳನ್ನು ಎಬ್ಬಿಸಲೋ ಇನ್ನೈದು ನಿಮಿಷ ಮಲಗಲಿ ಎನ್ನಲೋ ಎಂದು ಯೋಚಿಸುವ ಹೊತ್ತು. ಶಂಕರಲಿಂಗಪ್ಪ ಆಗಲೇ ಖಾಕಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿ ಗಾಡಿಯ ಮೇಲೆ ಹತ್ತಿದ್ದಾರೆ. ಟ್ಯಾಂಕಿನ ಮುಚ್ಚಳ ತೆಗೆದು ಕೈ ಇಳಿಬಿಟ್ಟು ನೀರು ಮುಟ್ಟಿ ನೋಡುತ್ತಾರೆ. ನಾಲ್ಕೂವರೆ ಸಾವಿರ ಲೀಟರ್ ತುಂಬಿದೆ ಎಂದು ಮಾಪಕದ ಮುಳ್ಳು ತೋರಿಸಿದರೂ ಕೈ ಒದ್ದೆಯಾಗದೆ ಅವರು ನಂಬುವುದಿಲ್ಲ. ಕೆಳಗಿಳಿದು ಪಂಪ್ ಚಾಲೂ ಮಾಡಿ ಒಂದು ನಿಮಿಷ ಕಿವಿಗೊಡುತ್ತಾರೆ. ನಿನ್ನೆ ಒಣಗಿಸಲು ಹಾಕಿದ್ದ ಪೈಪುಗಳನ್ನು ಸುತ್ತಿ ಒಳಗಿಡುತ್ತಾರೆ. ಆಮೇಲೆ ಸೀಟಿನ ಕೆಳಗಿನಿಂದ ಒಂದು ಉದ್ದನೆಯ ನೋಟ್‌ಬುಕ್ ಹೊರಬರುತ್ತದೆ. ಅದರಲ್ಲಿ ನಿನ್ನೆಯ ದಿನಾಂಕದ ಮುಂದೆ ಒಂದು ಸೊನ್ನೆ ಬರೆಯುತ್ತಾರೆ.

"ಏನ್ ಜೋಯಿಸ್ರೇ, ಇವತ್ತು ಎಷ್ಟ್ ಬೆಂಕಿ?" ಎಂದು ಫೋನ್ ಕೋಣೆಯ ಕಿಟಕಿಯಿಂದ ಕೂಗುವವರು ಯೂನುಸ್. ಶಿರಾದವರು, ಇವರಿಗಿಂತ ಹನ್ನೆರಡು ವರ್ಷ ಚಿಕ್ಕವರು. ಠಾಣೆಗೆ ಬರುವ ಕರೆ ತೆಗೆಯುವ ಕೆಲಸ ಹೆಚ್ಚಾಗಿ ಅವರದೇ.

"ಅರವತ್ತೇಳು ಪಾಲು ಏನೂ ಇಲ್ಲ. ಟೀ ತರ್ಸು."

"ಉಳಿದ ಮೂವತ್ಮೂರು ಪಾಲು ಇದ್ರೆ?"

"ಟೀ ಕುಡಿದೇ ಹೋಗೋದು. ನಿನ್ ದುಡ್ಡೇ ಅಲ್ವಾ, ಬೇಗ ತರ್ಸಪ್ಪ."

ಈ ತಮಾಷೆಯ ಹಿಂದೆ ಒಂದು ಲೆಕ್ಕವಿದೆ. ಅದೇ ಈ ಬರಹದ ವಿಷಯ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಕಡೆ ಇಪ್ಪತ್ತಾರು ವರ್ಷ ಬೆಂಕಿಗಾಡಿ ಓಡಿಸಿರುವ ಶಂಕರಲಿಂಗಪ್ಪ, ಬರುವ ಜುಲೈಗೆ ನಿವೃತ್ತರಾಗುತ್ತಾರೆ. ಈಗಿರುವ ಠಾಣೆ ಯಾವುದೆಂದು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ನಾಲ್ಕರಲ್ಲಿ ಒಂದು ಎಂದಷ್ಟೇ ತಿಳಿದರೆ ಸಾಕು. ಓದಿದ್ದು ಎಸ್ಸೆಸ್ಸೆಲ್ಸಿ, ಮೇಲೆ ಡೀಸೆಲ್ ಮೆಕ್ಯಾನಿಕ್ ಐಟಿಐ. ಶುಕ್ರವಾರ ಗೊರವನಹಳ್ಳಿ ದಾರಿ ಹಿಡಿದರೆ ಭಕ್ತರ ಬಸ್ಸುಗಳಿಗೆ ಹತ್ತು ನಿಮಿಷ ಜಾಸ್ತಿ ಇಟ್ಟುಕೊಳ್ಳಬೇಕು, ಪುರವರದಿಂದಾಚೆಗೆ ಯಾವ ಕೆರೆಯಲ್ಲಿ ಮಾರ್ಚಿನಲ್ಲೂ ನೀರಿರುತ್ತದೆ, ಯಾವ ಹಟ್ಟಿಯ ಓಣಿಯಲ್ಲಿ ಗಾಡಿ ತಿರುಗುವುದಿಲ್ಲ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆದರೆ ಅವರ ನಿದ್ದೆ ಕೆಡಿಸಿದ್ದು ಬೆಂಕಿಯಲ್ಲ, ಎರಡನೆಯ ಬೆಂಕಿ.

"ಒಂದ್ ಬೆಂಕಿಗೆ ನಾನು ಯಾವತ್ತೂ ಹೆದ್ರಿಲ್ಲ. ಹೋಗ್ತೀವಿ, ಹೊಡೀತೀವಿ, ಬರ್ತೀವಿ. ನಾವು ಅಲ್ಲಿರುವಾಗ ಇನ್ನೊಂದು ಕಡೆಯಿಂದ ಫೋನ್ ಬಂತು ಅನ್ನಿ, ಆಗ ಏನ್ಮಾಡ್ತೀರಾ? ಅರ್ಧ ಆರಿಸಿ ಬುಟ್ಟು ಬರಕಾಗಲ್ಲ. ಆ ಅಕ್ಕನ ಕೊಟ್ಟಿಗೆ ಮುಂದೆ ನಿಂತಾಗ ಅನ್ನುಸ್ತು, ಇಂಗೆ ಎರಡು ಒಟ್ಟಿಗೆ ಬರೋದು ಎಷ್ಟ್ ದಿನಕ್ಕೊಂದ್ಸಲ ಅಂತ ಯಾರಿಗಾದ್ರೂ ಗೊತ್ತಾ? ಯಾರಿಗೂ ಗೊತ್ತಿರಲಿಲ್ಲ. ಎಲ್ರೂ ಗ್ರಾಚಾರ ಅಂದ್ರು."

ಅಂದಿನಿಂದ ನೋಟ್‌ಬುಕ್ ಶುರುವಾಯಿತು. ಫೆಬ್ರುವರಿಯಿಂದ ಮೇ ತನಕದ ನಾಲ್ಕು ತಿಂಗಳು, ದಿನಕ್ಕೊಂದು ಅಂಕಿ. ಕರೆ ಬಾರದಿದ್ದರೆ ಸೊನ್ನೆ, ಒಂದು ಬಂದರೆ ಒಂದು. ನಡುವೆ ವರ್ಗವಾಗಿ ಹೋಗಿದ್ದ ವರ್ಷಗಳದ್ದನ್ನು ವಾಪಸು ಬಂದ ಮೇಲೆ ಠಾಣೆಯ ಹಳೇ ರಿಜಿಸ್ಟರ್ ನೋಡಿ ತುಂಬಿಕೊಂಡರು. ಅಂಕಿಗಳು ಸೇರುತ್ತಾ ಹೋದವು. ಅವುಗಳನ್ನು ಏನು ಮಾಡಬೇಕೆಂದು ಮಾತ್ರ ತಿಳಿಯಲಿಲ್ಲ.

ತಿಳಿಸಿದವರು ಶಿರಾದ ನೂರೀನ್ ಮೇಡಂ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವರು. ಆರು ವರ್ಷದ ಹಿಂದೆ ಅವರ ಕಾಲೇಜಿನಲ್ಲಿ ಬೆಂಕಿ ಆರಿಸುವ ಪ್ರಾತ್ಯಕ್ಷಿಕೆ ಇತ್ತು. ಹುಡುಗರೆಲ್ಲ ಹೋದ ಮೇಲೆ ಗಾಡಿಯ ಮೆಟ್ಟಿಲ ಮೇಲೆ ಬಿದ್ದಿದ್ದ ನೋಟ್‌ಬುಕ್ಕನ್ನು ಅವರು ಎತ್ತಿಕೊಂಡರು. ಆ ದಿನವನ್ನು ನೂರೀನ್ ನಗುತ್ತಲೇ ನೆನೆಯುತ್ತಾರೆ: "ನಾನು ಬೋರ್ಡ್ ಮೇಲೆ ಬರೆದು ಬರೆದು ಸಾಕಾಗಿರೋ ಪಾಠ, ಈ ಮನುಷ್ಯ ಹೆಸರೇ ಗೊತ್ತಿಲ್ದೆ ಮಾಡ್ತಾ ಕೂತಿದ್ದಾರೆ. ಸಾರ್, ಇದಕ್ಕೆ ಪಾಯ್ಸಾನ್ ವಿತರಣೆ ಅಂತಾರೆ ಅಂದೆ. ಅಪರೂಪಕ್ಕೆ ಬರೋದು, ಹೇಳದೆ ಕೇಳದೆ ಬರೋದು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲದೆ ಬರೋದು, ಅಂಥದ್ದಕ್ಕೆ ಸರಾಸರಿ ಒಂದು ಗೊತ್ತಿದ್ರೆ ಸಾಕು, ಬಾಕಿಯೆಲ್ಲ ಲೆಕ್ಕ ಹಾಕಬಹುದು."

ಆ ಲೆಕ್ಕವನ್ನು ಶಂಕರಲಿಂಗಪ್ಪ ನಮಗೂ ಹಾಕಿ ತೋರಿಸುತ್ತಾರೆ. ಬೇಸಿಗೆಯ ನೂರಿಪ್ಪತ್ತು ದಿನಕ್ಕೆ ಸುಮಾರು ನಲವತ್ತೆಂಟು ಕರೆ. ಅಂದರೆ ದಿನಕ್ಕೆ ಸರಾಸರಿ 0.4. ಇ ಎಂಬ ಅಂಕಿಯೊಂದಿದೆ, 2.718. ಅದರ ತಲೆಯ ಮೇಲೆ ಘಾತವಾಗಿ ಮೈನಸ್ 0.4 ಹಾಕಿ ಫೋನಿನ ಕ್ಯಾಲ್ಕುಲೇಟರ್ ಒತ್ತಿದರೆ 0.67 ಬರುತ್ತದೆ. ನೂರು ದಿನದಲ್ಲಿ ಅರವತ್ತೇಳು ದಿನ ಒಂದೂ ಕರೆ ಇಲ್ಲ ಎಂದರ್ಥ. ಆ ಅರವತ್ತೇಳನ್ನು 0.4ರಿಂದ ಗುಣಿಸಿದರೆ ಇಪ್ಪತ್ತೇಳು. ಅಷ್ಟು ದಿನ ಒಂದೇ ಕರೆ. ಅದನ್ನು ಮತ್ತೆ 0.4ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಐದು ಚಿಲ್ಲರೆ. ಅದು ಎರಡು ಕರೆಯ ದಿನಗಳು. ಇನ್ನೊಮ್ಮೆ ಗುಣಿಸಿ ಮೂರರಿಂದ ಭಾಗಿಸಿದರೆ ಒಂದಕ್ಕಿಂತಲೂ ಕಡಿಮೆ, ಅದು ಮೂರು ಕರೆಯ ದಿನ. ಎರಡು ಮತ್ತು ಅದಕ್ಕಿಂತ ಹೆಚ್ಚು ಕರೆಯ ದಿನ ನೂರಕ್ಕೆ ಸುಮಾರು ಆರು.

"ಮೇಡಂ ಒಂದ್ ಮಾತು ಹೇಳಿದ್ರು. ಇದು ಎಷ್ಟ್ ದಿನ ಅಂತ ಹೇಳ್ತದೆ, ಯಾವ್ ದಿನ ಅಂತ ಹೇಳಲ್ಲ ಅಂತ. ಸರಿ ಅಂದೆ. ಆದ್ರೆ ತಾಳೆ ನೋಡ್ದಾಗ ಲೆಕ್ಕ ಸರಿ ಬರ್ಲಿಲ್ಲ ಕಣಮ್ಮ."

ಹತ್ತು ಬೇಸಿಗೆ, ಸಾವಿರದ ಇನ್ನೂರು ದಿನ. ಲೆಕ್ಕದ ಪ್ರಕಾರ ಎರಡು ಅಥವಾ ಹೆಚ್ಚು ಕರೆ ಬರಬೇಕಾದ ದಿನಗಳು ಎಪ್ಪತ್ತನಾಲ್ಕು. ನೋಟ್‌ಬುಕ್ಕಿನಲ್ಲಿ ಇದ್ದದ್ದು ತೊಂಬತ್ತಾರು. ಲೆಕ್ಕ ತಪ್ಪಿರಬೇಕು ಎಂದು ಮೂರು ಸಲ ಎಣಿಸಿದರು. ನೂರೀನ್ ಫೋನಿನಲ್ಲಿ ಹೇಳಿದರು: ಲೆಕ್ಕ ತಪ್ಪಿಲ್ಲ ಸಾರ್, ನಿಮ್ಮ ಬೆಂಕಿಗಳು ಒಂದಕ್ಕೊಂದು ಸಂಬಂಧ ಇಲ್ಲದವಲ್ಲ, ಯಾವುದೋ ಒಂದು ಕಾರಣ ಅವನ್ನು ಜೊತೆಗೆ ಕರೆದುಕೊಂಡು ಬರ್ತಿದೆ, ಹುಡುಕಿ.

ಹುಡುಕಲು ಬಹಳ ದಿನ ಬೇಕಾಗಲಿಲ್ಲ. ಆ ತೊಂಬತ್ತಾರು ದಿನಗಳ ಮುಂದೆ ವಾರದ ಹೆಸರು ಬರೆಯುತ್ತಾ ಹೋದರು. ಅರವತ್ತೆಂಟು ದಿನ ಗುರುವಾರ, ಅಂದರೆ ಹತ್ತು ಬೇಸಿಗೆಯ ನೂರೆಪ್ಪತ್ತು ಚಿಲ್ಲರೆ ಗುರುವಾರಗಳಲ್ಲಿ ನೂರಕ್ಕೆ ನಲವತ್ತು. ವಾರದ ಉಳಿದ ಆರು ದಿನಗಳಿಗೆಲ್ಲ ಸೇರಿ ಇಪ್ಪತ್ತೆಂಟು, ನೂರಕ್ಕೆ ಎರಡೋ ಮೂರೋ. ಗುರುವಾರ ಬೇವಿನಕೆರೆ ಸಂತೆ. ಶಂಕರಲಿಂಗಪ್ಪನವರ ಮನೆ ಇರುವುದೂ ಅದೇ ಬೇವಿನಕೆರೆಯಲ್ಲಿ.

ಸಂತೆಗೂ ಬೆಂಕಿಗೂ ಏನು ನಂಟು? ಬೇಸಿಗೆಯಲ್ಲಿ ಹಳ್ಳಿಗಳಲ್ಲಿ ಸಣ್ಣ ಬೆಂಕಿ ದಿನವೂ ಹೊತ್ತುತ್ತದೆ. ಒಲೆಯ ಬೂದಿ, ಬೀಡಿ ತುಂಡು, ಬದುವಿಗೆ ಹಚ್ಚಿದ್ದು, ಜೋತುಬಿದ್ದ ತಂತಿ. ಹತ್ತು ಜನ ಓಡಿ ಬಂದು ಹೊಂಗೆ ಸೊಪ್ಪಲ್ಲಿ ಬಡಿದು, ಬಿಂದಿಗೆಯಲ್ಲಿ ಎರಚಿ ಆರಿಸುತ್ತಾರೆ. ಅಂಥದ್ದು ಠಾಣೆಯ ಕಿವಿಗೆ ಬೀಳುವುದೇ ಇಲ್ಲ. ಸಂತೆ ದಿನ ಹನ್ನೊಂದರಿಂದ ಐದರವರೆಗೆ ಊರಲ್ಲಿ ಕೈಕಾಲು ಗಟ್ಟಿ ಇರುವವರು ಯಾರೂ ಇರುವುದಿಲ್ಲ. ಸುತ್ತಿನ ಮೂವತ್ತು ಹಳ್ಳಿಯೂ ಅಂದು ಮುದುಕರದು, ಕೂಸುಗಳದು. ಬಡಿಯುವವರಿಲ್ಲದೆ ಸಣ್ಣ ಬೆಂಕಿ ದೊಡ್ಡದಾಗಿ, ಹುಲ್ಲಿನ ಮೆದೆಗೆ ಏರಿ, ಠಾಣೆಯ ಫೋನ್ ಬಡಿದುಕೊಳ್ಳುತ್ತದೆ. ಒಂದಲ್ಲ, ಎರಡು ಕಡೆಯಿಂದ.

ಮೂರು ಬೇಸಿಗೆಯ ಹಿಂದೆ ಆಗಿನ ಅಧಿಕಾರಿಯ ಮುಂದೆ ನೋಟ್‌ಬುಕ್ ಬಿಚ್ಚಿದರು. ಸಂತೆಯ ಹೊತ್ತಿನಲ್ಲಿ ನಮ್ಮ ಗಾಡಿ ಬೇವಿನಕೆರೆ ಕ್ರಾಸಿನಲ್ಲಿ ನಿಲ್ಲಲಿ, ಆ ಆರು ಗಂಟೆ ಪಟ್ಟಣದ ಕಡೆಯ ಕರೆಗಳನ್ನು ಪಕ್ಕದ ತಾಲ್ಲೂಕಿನ ಗಾಡಿ ನೋಡಿಕೊಳ್ಳಲಿ ಎಂಬುದು ಅವರ ಕೋರಿಕೆ. ಹತ್ತಿರದಿಂದ ಹೊರಟರೆ ಮೊದಲ ಬೆಂಕಿಯನ್ನು ಸಣ್ಣದಿರುವಾಗಲೇ ಆರಿಸಿ ಎರಡನೆಯದಕ್ಕೆ ಓಡಬಹುದು. "ಡ್ರೈವರ್ ನೀನು, ನಂಗೆ ಪಾಠ ಹೇಳ್ತೀಯೇನಯ್ಯ ಅಂದ್ರು ಮೊದ್ಲು. ಆಮೇಲೆ ದಿನಗಳ ಪಟ್ಟಿ ನೋಡಿ ಒಪ್ಕೊಂಡ್ರು. ಒಳ್ಳೇ ಮನುಷ್ಯ. ಒಂದು ವೇಳಾಪಟ್ಟಿ ಬರ್ಕೊಡು, ಪಕ್ಕದ ಠಾಣೆಗೂ ಒಂದು ಪ್ರತಿ ಕಳಿಸ್ತೀನಿ ಅಂದ್ರು." ಬರೆದುಕೊಟ್ಟರು. ಗೋಡೆಗೆ ಅಂಟಿಸಿದರು. ಮೊದಲ ಎರಡು ಬೇಸಿಗೆಯಲ್ಲಿ ಹದಿಮೂರು ಗುರುವಾರ ಎರಡನೆಯ ಕರೆ ಬಂತು. ಹದಿಮೂರಕ್ಕೂ ಅರ್ಧ ಗಂಟೆಯೊಳಗೆ ನೀರು ಮುಟ್ಟಿತು. ಪತ್ರಿಕೆಯವರು ಯಾರೂ ಬರೆಯಲಿಲ್ಲ. ಸುಡದೆ ಉಳಿದ ಮೆದೆಯನ್ನು ನೋಡಲು ಯಾರು ಬರುತ್ತಾರೆ?

ಆ ಮೊದಲ ಬೇಸಿಗೆಯಲ್ಲೇ ಅವರು ಕರಿಕಲ್ಲುಪಾಳ್ಯಕ್ಕೆ ಹೋಗಿದ್ದರು. ಕ್ರಾಸಿನಿಂದ ಆರೇ ಕಿಲೋಮೀಟರ್, ಠಾಣೆಯಿಂದಾದರೆ ಮೂವತ್ತನಾಲ್ಕು. ಕೊಲ್ಲಾಪುರಮ್ಮ ಬೆಂಕಿಯಾದ ಮೇಲೆ ಹತ್ತು ವರ್ಷ ದನ ಕಟ್ಟಿರಲಿಲ್ಲ. "ಇನ್ನೇನ್ ಭಯ ಇಲ್ಲ ಕಣಕ್ಕ, ಸಂತೆ ದಿನ ಪೂರ್ತಿ ನಾನು ಇಲ್ಲೇ ಕ್ರಾಸಲ್ಲೇ ಇರ್ತೀನಿ, ಒಂದ್ ಹಸ ಕಟ್ಟು" ಎಂದು ಹೇಳಿ ಬಂದವರು ಇವರೇ. ಮುಂದಿನ ತಿಂಗಳು ಆಕೆ ಒಂದು ಕಡಸು ತಂದರು. ಅದು ಬೆಳೆದು ಹಸುವಾಗಿ, ಈ ಸಂಕ್ರಾಂತಿಯ ಹೊತ್ತಿಗೆ ಕರು ಹಾಕಿತು.

ಇನ್ನು ಮಾರ್ಚ್ ಹದಿನೆಂಟರ ಮಾತು.

ಈ ವರ್ಷ ಯುಗಾದಿ ಗುರುವಾರವೇ ಬಂತು. ನಮ್ಮ ಕಡೆ ಸಂತೆಯ ದಿನವೇ ಹಬ್ಬ ಬಿದ್ದರೆ ಸಂತೆ ಹಿಂದಿನ ದಿನ ಸೇರುತ್ತದೆ. ಯಾರೂ ಸಾರುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಬುಧವಾರ ಬೆಳಗ್ಗೆ ಐದಕ್ಕೆ ಶಂಕರಲಿಂಗಪ್ಪ ಡ್ಯೂಟಿಗೆ ಹೊರಡುವಾಗ ಪತ್ನಿ ರಾಧಾಮಣಿ ಬಾಗಿಲಲ್ಲಿ ನಿಂತು ಕೇಳಿದ್ದರು. ಆ ಮಾತನ್ನು ಅವರೇ ನಮಗೆ ಹೇಳುತ್ತಾರೆ: "ಇವತ್ತೇ ಸಂತೆ, ಏನೇನ್ ತರ್ಲಿ ಅಂದೆ. ಮಾವಿನ್ಸೊಪ್ಪು ಮರೀಬೇಡ, ಬೆಲ್ಲ ಕರೀದು ತಗೋ, ಬಿಳೀದು ಬ್ಯಾಡ ಅಂದ್ರು. ಅಷ್ಟ್ ಚೆನ್ನಾಗಿ ಹೇಳಿ ಹೋದ್ರು. ಹೇಳಿದ್ದು ಅವರ ಕಿವಿಗೇ ಬೀಳ್ಲಿಲ್ವಲ್ಲ ಅಂತ ನಂಗೆ ಈಗ್ಲೂ ಸಂಕ್ಟ."

ಠಾಣೆಯ ಗೋಡೆಯ ಮೇಲಿನ ಪಟ್ಟಿಯಲ್ಲಿ ಬುಧವಾರದ ಮುಂದೆ ಏನೂ ಇರಲಿಲ್ಲ. ಗಾಡಿ ಠಾಣೆಯಲ್ಲೇ ನಿಂತಿತ್ತು. ಹನ್ನೆರಡೂ ಹತ್ತಕ್ಕೆ ತಾಲ್ಲೂಕಿನ ದಕ್ಷಿಣದ ತುದಿಯಿಂದ ಮೊದಲ ಕರೆ, ತೆಂಗಿನ ಮಟ್ಟೆಯ ರಾಶಿಗೆ ಬೆಂಕಿ. ಮಟ್ಟೆಯ ಬೆಂಕಿ ಒಳಗೊಳಗೇ ಉರಿಯುವಂಥದ್ದು, ಬಿಟ್ಟು ಬರುವಂತಿಲ್ಲ. ಹನ್ನೆರಡೂ ಐವತ್ತಕ್ಕೆ ಯೂನುಸ್ ಇನ್ನೊಂದು ಕರೆ ತೆಗೆದರು.

"ಒಂದ್ ಮುದುಕಿ ಧ್ವನಿ," ಎನ್ನುತ್ತಾರೆ ಯೂನುಸ್. ಬೆಳಗಿನ ತಮಾಷೆ ಈಗ ಅವರ ಮುಖದಲ್ಲಿಲ್ಲ. "ಊರು ಯಾವುದಮ್ಮ ಅಂದೆ. ಊರು ಹೇಳ್ಲಿಲ್ಲ. ಶಂಕ್ರಪ್ಪಂಗೆ ಹೇಳು, ಅರ್ಧ ಗಂಟೆ ಅಂದಿದ್ದ, ಅಂದ್ಬುಟ್ಟು ಇಟ್ಟುಬುಟ್ರು. ಯಾ ಅಲ್ಲಾ, ಆ ಅರ್ಧ ಗಂಟೆ ಕತೆ ಶಂಕ್ರಣ್ಣ ಎಷ್ಟ್ ಸಲ ಹೇಳಿದ್ರೋ, ನಂಗೆ ಊರು ಗೊತ್ತಾಗೋಯ್ತು. ಪಕ್ಕದ ತಾಲ್ಲೂಕಿಗೆ ಫೋನ್ ಹಾಕ್ದೆ. ಅವರ ಗಾಡಿನೂ ಆಚೆ ಹೋಗಿತ್ತು. ಶಂಕ್ರಣ್ಣನ ಮೊಬೈಲ್‌ಗೆ ಹಾಕಿ ಕರಿಕಲ್ಲುಪಾಳ್ಯ ಅಂದೆ. ಆ ಕಡೆಯಿಂದ ಒಂದೇ ಮಾತು: ಇವತ್ತು ಸಂತೆ ಕಣ್ಲಾ ಯೂನುಸಾ, ಅಂದ್ರು."

ಮಟ್ಟೆಯ ರಾಶಿ ಹತೋಟಿಗೆ ಬಂದು, ದಾರಿಯ ಕೆರೆಯಲ್ಲಿ ಟ್ಯಾಂಕ್ ತುಂಬಿಸಿ, ಗಾಡಿ ಕರಿಕಲ್ಲುಪಾಳ್ಯ ಮುಟ್ಟಿದಾಗ ಎರಡೂವರೆ. ಊರಿನವರು ಸಂತೆಯಿಂದ ಇನ್ನೂ ಮರಳಿರಲಿಲ್ಲ. ಮಂಡಿನೋವಿಗೆ ಮನೆಯಲ್ಲೇ ಉಳಿದಿದ್ದ ಕೊಲ್ಲಾಪುರಮ್ಮ ಹೊತ್ತಿದ ಕೊಟ್ಟಿಗೆಗೆ ನುಗ್ಗಿ ಕರುವಿನ ಹಗ್ಗ ಬಿಚ್ಚಿ ಆಚೆ ದಬ್ಬಿದ್ದರು. ಹಸುವಿನ ಸರಪಳಿ ಕಾದು ಕೆಂಪಾಗಿತ್ತು. ಅದನ್ನು ಹಿಡಿದ ಎರಡೂ ಅಂಗೈ ಸುಟ್ಟವು. ಸರಪಳಿ ಬಿಚ್ಚಿಕೊಳ್ಳಲಿಲ್ಲ.

ನಾವು ಹೋದಾಗ ಆಕೆ ಜಗುಲಿಯ ಮೇಲೆ ಕೂತು, ಮುಲಾಮು ಹಚ್ಚಿದ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದಾರೆ. ಶಂಕರಲಿಂಗಪ್ಪ ಅಂಗಳದಲ್ಲಿ ನಿಂತೇ ಇದ್ದಾರೆ.

"ಏಮಯ್ಯಾ, ಕೂತ್ಕೊ. ಅಂಗೆ ಕಂಬ ನಿಂತಂಗೆ ನಿಂತ್ರೆ ನಂಗೆ ಕುತ್ಗೆ ನೋವು," ಎನ್ನುತ್ತಾರೆ ಆಕೆ. ಅವರ ಮಾತಿನಲ್ಲಿ ಪಾವಗಡದ ಕಡೆಯ ತೆಲುಗು ಸೇರಿಕೊಂಡಿದೆ. "ನೋಡಮ್ಮ, ಕೈ ಸುಟ್ಕಂಡೋಳು ನಾನು, ಮಕ ಸುಟ್ಕಂಡೋನಂಗೆ ಓಡಾಡೋನು ಇವ್ನು. ವಾರಕ್ಕೊಂದ್ ಸಲ ಬತ್ತಾನೆ. ಕರೂಗೆ ಹುಲ್ಲು ತತ್ತಾನೆ. ಮಾತ್ ಆಡಲ್ಲ."

"ಬೈಯಕ್ಕ, ಒಂದ್ಸಲ ಬೈದ್ಬುಡು ನನ್ನ."

"ಏಂ ಚೇಸೇದಿ, ಏನ್ ಮಾಡಾದು. ಬೈದ್ರೆ ಹಸ ಎದ್ದು ಬತ್ತದಾ?" ಎಂದು ಆಕೆ ತಲೆ ತಿರುಗಿಸುತ್ತಾರೆ. ಆಮೇಲೆ, ಯಾರಿಗೂ ಅಲ್ಲ ಎಂಬಂತೆ: "ನಿನ್ ಮಾತ್ ಕೇಳಿ ಕಟ್ದೆ. ಇಲ್ದಿದ್ರೆ ಕಟ್ತಿರ್ಲಿಲ್ಲ."

ವಾಪಸು ಬರುವ ದಾರಿಯಲ್ಲಿ ಶಂಕರಲಿಂಗಪ್ಪ ಕ್ರಾಸಿನ ಬೇವಿನ ಮರದ ಕೆಳಗೆ ಬೈಕ್ ನಿಲ್ಲಿಸುತ್ತಾರೆ. ಯುಗಾದಿಯ ದಿನ, ಅಂದರೆ ಬೆಂಕಿಯ ಮರುದಿನ, ಪಟ್ಟಿಯಲ್ಲಿದ್ದಂತೆ ಗಾಡಿಯನ್ನು ಇದೇ ಜಾಗದಲ್ಲಿ ಹನ್ನೊಂದರಿಂದ ಐದರವರೆಗೆ ನಿಲ್ಲಿಸಿಕೊಂಡು ಕೂತಿದ್ದರಂತೆ. ಎದುರಿಗೆ ಸಂತೆಮಾಳ ಖಾಲಿ. ಒಣ ಬಾಳೆಲೆ, ಎರಡು ನಾಯಿ. ಒಂದೂ ಕರೆ ಬರಲಿಲ್ಲ.

"ನೂರಕ್ಕೆ ಎರಡೋ ಮೂರೋ ಉಳಿದೇ ಉಳೀತದೆ, ಯಾರೇನ್ ಮಾಡಿದ್ರೂ. ಸಂತೆ ಇಲ್ದಿರೋ ದಿನಗಳದ್ದು. ಅದನ್ನ ನಾನು ಒಪ್ಕೊಂಡಿದ್ದೆ. ಅದ್ರಲ್ಲಿ ಒಂದು ಇದು ಅಂದಿದ್ರೆ ಎದೆ ಮೇಲೆ ಕಲ್ಲು ಇಟ್ಕೊಂಡು ಸುಮ್ನಾಗ್ತಿದ್ದೆ. ಇದು ಅದಲ್ಲ. ಸಂತೆ ದಿನ ನೂರಕ್ಕೆ ನಲವತ್ತು, ನಾನೇ ಹಿಡಿದು ತೋರಿಸಿದ್ದು. ಆ ನಲವತ್ತರಲ್ಲಿ ಒಂದು ಇದು." ಮರದ ತೊಗಟೆಯನ್ನು ಉಗುರಿನಿಂದ ಕೆರೆಯುತ್ತಾ ಮುಂದುವರಿಸುತ್ತಾರೆ: "ನೋಟ್‌ಬುಕ್ಕಲ್ಲಿ ವಾರದ ಹೆಸರು ಬರೀತಿದ್ನಲ್ಲ, ಅದೇ ಕೈ. ಪಟ್ಟಿ ಬರೆಯುವಾಗ ಸಂತೆ ಅಂತ ಬರೀಬೇಕಿತ್ತು. ಗುರುವಾರ ಅಂತ ಬರೆದೆ. ಗುರುವಾರ ಬೆಂಕಿ ಹಚ್ತದಾ? ಊರು ಖಾಲಿಯಾಗೋದು ಬೆಂಕಿ ಹಚ್ಚೋದು. ಅಷ್ಟ್ ಗೊತ್ತಿದ್ದೂ, ಬೆಲ್ಲ ಕರೀದು ತಗೋ ಅಂತ ಹೇಳಿ ಬಂದೆ."

ನೂರೀನ್ ಅವರನ್ನು ಕೇಳಿದರೆ, "ನಾನೂ ಆ ಪಟ್ಟಿ ನೋಡಿದ್ದೆ. ನನಗೂ ಹೊಳೀಲಿಲ್ಲ," ಎನ್ನುತ್ತಾರೆ. "ಸಾರ್ ಒಬ್ರೇ ಹೊತ್ಕೊಳ್ಳೋದು ಬೇಡ ಅಂತ ಹೇಳಿದ್ದೀನಿ. ಕೇಳೋ ಜನ ಅಲ್ಲ."

ಈಗ ಠಾಣೆಯ ಗೋಡೆಯ ಮೇಲೆ ಹೊಸ ಪಟ್ಟಿಯಿದೆ. ವಾರದ ಹೆಸರುಗಳೇ ಇಲ್ಲ. 'ಬೇವಿನಕೆರೆ ಸಂತೆ ಸೇರಿದ ದಿನ' ಎಂದಿದೆ. ಪಕ್ಕದಲ್ಲಿ ಸಂತೆಯ ಸುಂಕ ಎತ್ತುವವರ ಫೋನ್ ನಂಬರ್. ಹಬ್ಬ ಹತ್ತಿರ ಬಂದಾಗಲೆಲ್ಲ ಶಂಕರಲಿಂಗಪ್ಪ ಅವರಿಗೆ ಫೋನ್ ಮಾಡಿ ಸಂತೆ ಯಾವತ್ತು ಎಂದು ಕೇಳುತ್ತಾರೆ. ಸ್ವಂತ ಊರಿನ ಸಂತೆಯನ್ನು ಫೋನ್ ಮಾಡಿ ಕೇಳುವವರನ್ನು ಕಂಡು ಅವರು ನಗುತ್ತಾರಂತೆ. "ನಗ್ಲಿ ಬುಡಿ. ಜುಲೈ ಆದ್ಮೇಲೆ ಬರೋ ಡ್ರೈವರು ಈ ಊರಿನವನಲ್ಲ. ಅವನು ಈ ಪಟ್ಟಿ ಕಿತ್ತಾಕದೆ ಇದ್ರೆ, ಹಬ್ಬ ಬಂದಾಗ ಆ ಒಂದ್ ಫೋನ್ ಮಾಡಿದ್ರೆ ಸಾಕು. ನಂಗೆ ಇನ್ನೇನೂ ಬ್ಯಾಡ."

ಕರಿಕಲ್ಲುಪಾಳ್ಯದ ಗೋಡೆಯ ಮೇಲಿನ ಕೆಂಪು ನಂಬರು ಹೊಗೆ ಹಿಡಿದು ಕಪ್ಪಾಗಿದೆ, ಓದಲು ಬರುತ್ತದೆ. ಕೊಲ್ಲಾಪುರಮ್ಮ ಅದನ್ನು ಅಳಿಸಿಲ್ಲ. ಕರುವನ್ನು ಮಾತ್ರ ತಂಗಿಯ ಊರಿಗೆ ಕಳಿಸುವವರಿದ್ದಾರೆ. ಮತ್ತೆ ದನ ಕಟ್ಟುವುದಿಲ್ಲ ಎಂದಿದ್ದಾರೆ.

ಶಂಕರಲಿಂಗಪ್ಪ ಅರ್ಧ ಗಂಟೆ ಎಂದು ಮಾತು ಕೊಟ್ಟಿದ್ದರು. ಗಾಡಿ ಹೋದದ್ದು ಒಂದು ಗಂಟೆ ನಲವತ್ತು ನಿಮಿಷಕ್ಕೆ. ಮಾತು ನಡೆಯಲಿಲ್ಲ.